ಮಂಗನ ಕಾಯಿಲೆಯ ಲಸಿಕೆಗೆ ಹೊಣೆ ಯಾರು?

ಮಲೆನಾಡಿನ ಅಡಿಕೆ, ಗಂಧ, ತೇಗ ದೂರ ದೂರ ಹೋಗಿ ಹೆಸರು ಗಳಿಸಿವೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿಗೆ ಹೆಸರು ಬಂದದ್ದು ಒಂದು ಜ್ವರದಿಂದ. ಇಂದು ಪ್ರಪಂಚದ ಯಾವ ದೇಶದ ವೈದ್ಯ ವಿದ್ಯಾರ್ಥಿಯಾಗಲಿ, ಉಣುಗಿನಿಂದ ಹರಡುವ ಜ್ವರಗಳ ಪಾಠ ಓದುವಾಗ ಕ್ಯಾಸನೂರಿನ ಹೆಸರನ್ನು ಓದಿಯೇ ಮುಂದೆ ಹೋಗಬೇಕು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಊರಿಗೆ ಇಂಥ ಕೀರ್ತಿ ಬರಬೇಕೆಂದು ಯಾರೂ ಹರಕೆ ಹೊತ್ತಿರಲಿಲ್ಲ.

೧೯೫೭ರ ಬೇಸಿಗೆಯಲ್ಲಿ ಆ ಕಾಡಿನಲ್ಲಿ ಮಂಗಗಳು, ಮುಸಿಯಗಳು ಮರದಿಂದ ಬಿದ್ದು ಸಾಯತೊಡಗಿದವು. ಹಿಂದೆಯೇ ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗ ಸತ್ತು ಮನುಷ್ಯನಿಗೆ ಜ್ವರ ಬರುವುದು ಆಫ್ರಿಕಾದ, ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ. ಅದು ಭಾರತಕ್ಕೆ ಕಾಲಿಟ್ಟಿತೇ ಎಂದು ತಿಳಿದವರೆಲ್ಲ ಗಾಬರಿಯಾದರು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಬಂದರು. ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಕಾಡಿನ ಉಣುಗುಗಳಿಂದಲೂ ಅವರು ಹೊರತೆಗೆದದ್ದು ಹಳದಿ ಜ್ವರದ ವೈರಸ್ಸನ್ನಲ್ಲ, ಅದುವರೆಗೆ ಯಾರೂ ಕಾಣದಿದ್ದ ಹೊಸದೊಂದನ್ನು. ರಷ್ಯದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿಗೆ ಇದು ಹತ್ತಿರದ ದಾಯಾದಿ.

ಪೇಟೆಯಲ್ಲಿ ಅಂಗಡಿ ಇಟ್ಟಿರುವ, ಗಿರಣಿಯಲ್ಲಿ ದುಡಿಯುವ ನಮ್ಮ ಓದುಗ ಬಂಧುಗಳು 'ಕಾಡಿನವರ ಕಾಯಿಲೆ, ನಮಗೇಕೆ?' ಎನ್ನಬಹುದು. ನಿಮ್ಮ ಪಕ್ಕದಲ್ಲಿ ನಿಂತು ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುವವನ ತಾಯಿತಂದೆ ಎಲ್ಲಿರುತ್ತಾರೆ? ನಿಮ್ಮ ಅಂಗಡಿಗೆ ವಾರದ ಸಂತೆಯಂದು ಬೆಲ್ಲಕ್ಕೂ ಬಟ್ಟೆಗೂ ಬರುವ ಗಿರಾಕಿ ಯಾವ ಊರಿನವನು? ಕಾಡಂಚಿನ ಊರಿನಲ್ಲಿ ಜ್ವರದ ಸುದ್ದಿ ಹಬ್ಬಿದ ವಾರ ಸಂತೆ ಬಿಕೋ ಎನ್ನುವುದನ್ನು ಮಲೆನಾಡಿನ ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ರೋಗ ತರುವುದು ಮಂಗನಲ್ಲ, ಉಣುಗು. ಎಳ್ಳಿನ ಕಾಳಿಗಿಂತ ಚಿಕ್ಕದಾದ ಮರಿ ಉಣುಗು ಕಚ್ಚಿದರೆ ಕಚ್ಚಿದ್ದೇ ತಿಳಿಯದು. ಮಂಗನ ರಕ್ತದಲ್ಲಿ ವೈರಸ್ಸು ಹೆಚ್ಚುತ್ತದೆ, ಅದು ಸತ್ತಾಗ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ, ಅಲ್ಲಿಗೆ ಸೌದೆಗೋ ಸೊಪ್ಪಿಗೋ ಹೋದವರಿಗೆ ತಗಲುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು, ಮಂಗನನ್ನು ಕಂಡಲ್ಲಿ ಹೊಡೆಯುವುದು ಎರಡೂ ಅವಿವೇಕ. ಹಠಾತ್ತನೆ ಸುಡುವ ಜ್ವರ, ತಲೆ ಸಿಡಿಯುವ ನೋವು, ಸೊಂಟ ಕಾಲು ಎತ್ತಲಾಗದಷ್ಟು ಸೆಳೆತ, ಕೆಲವರಿಗೆ ಮೂಗು ವಸಡುಗಳಲ್ಲಿ ರಕ್ತ. ಜ್ವರ ಬಿಟ್ಟು ವಾರವೆರಡು ವಾರದ ಮೇಲೆ ಮತ್ತೆ ಬಂದು ಮಿದುಳಿಗೆ ಏರುವುದೂ ಉಂಟು. ನೂರು ಜನರಿಗೆ ತಗಲಿದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಉಳಿದವರೂ ತಿಂಗಳುಗಟ್ಟಲೆ ಕೆಲಸಕ್ಕೆ ಬಾರರು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರು ಕೊಟ್ಟು, ಜ್ವರ ಇಳಿಸಿ, ರಕ್ತ ನೋಡಿಕೊಂಡು ಕಾಯುವುದಷ್ಟೇ ವೈದ್ಯರ ಕೈಯಲ್ಲಿರುವುದು.

ರೋಗದ ಋತುವನ್ನು ನೋಡಿ. ನವೆಂಬರಿನಿಂದ ಮೇ ತಿಂಗಳವರೆಗೆ. ಅಡಿಕೆ ಕೊನೆ ಇಳಿಸುವ ಕಾಲವೂ ಅದೇ, ಕೊಟ್ಟಿಗೆಗೆ ದರಗು ತರುವ ಕಾಲವೂ ಅದೇ, ಮಳೆಗಾಲಕ್ಕೆ ಸೌದೆ ಕೂಡಿಹಾಕುವ ಕಾಲವೂ ಅದೇ. ನಾವು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಈ ತಿಂಗಳುಗಳಲ್ಲಿ ಹಾಜರಿ ಪುಸ್ತಕದಲ್ಲಿ ಸೊನ್ನೆಗಳು ಹೆಚ್ಚುತ್ತಿದ್ದವು. ತಾಯಿ ಮಲಗಿದ ಮನೆಯಲ್ಲಿ ದೊಡ್ಡ ಹುಡುಗಿಯೇ ಸೌದೆಗೆ ಹೋಗುತ್ತಾಳೆ. ಕಾಡಿಗೆ ಹೋಗಬೇಡಿ ಎಂದು ಆರೋಗ್ಯ ಇಲಾಖೆಯ ಭಿತ್ತಿಪತ್ರ ಹೇಳುತ್ತದೆ. ಹೋಗದಿದ್ದರೆ ಒಲೆ ಉರಿಸುವುದು ಹೇಗೆಂದು ಅದರಲ್ಲಿ ಬರೆದಿಲ್ಲ. ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತಾರೆ, ಒಳ್ಳೆಯದೇ. ಬೆವರಿನಲ್ಲಿ ಅದು ಎಷ್ಟು ಹೊತ್ತು ನಿಂತೀತು? ಇಂಥ ಜನಕ್ಕೆ ನಿಜವಾದ ಆಸರೆ ಒಂದೇ, ಲಸಿಕೆ.

ಲಸಿಕೆ ಎಂದರೆ ಏನೆಂದು ನಮ್ಮಲ್ಲಿ ಕೇಳುವವರಿದ್ದಾರೆ. ಅದು ರೋಗ ಬಂದ ಮೇಲೆ ಕೊಡುವ ಮದ್ದಲ್ಲ. ವೈರಸ್ಸನ್ನು ಕೊಂದೋ, ಅದರ ಹಲ್ಲು ಕಿತ್ತೋ ಶರೀರಕ್ಕೆ ಮೊದಲೇ ತೋರಿಸುವುದು. ಶರೀರ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ಶತ್ರು ಬಂದಾಗ ಬಾಗಿಲಲ್ಲೇ ತಡೆಯುತ್ತದೆ. ಹೀಗೆಯೇ ದಾಕು ಹಾಕಿ ಹಾಕಿ ಸಿಡುಬನ್ನು ಭೂಮಿಯಿಂದಲೇ ಓಡಿಸಿದರು. ಭಾರತದಲ್ಲಿ ೧೯೭೫ರಲ್ಲಿ ಅದು ನಿಂತಿತು, ೧೯೮೦ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ದನಗಳ ದೊಡ್ಡರೋಗವೂ ಹಾಗೆಯೇ ೨೦೧೧ರಲ್ಲಿ ಹೋಯಿತು. ಪೋಲಿಯೋ ನಮ್ಮ ದೇಶದ ಕೊನೆಯ ಮಗುವನ್ನು ಹಿಡಿದದ್ದು ೨೦೧೧ರ ಜನವರಿಯಲ್ಲಿ, ಹೌರಾದಲ್ಲಿ. ನಮ್ಮ ಬೀದಿಗಳಲ್ಲಿ ಕಾಲೆಳೆದು ನಡೆಯುವ ನಡುವಯಸ್ಸಿನವರಿದ್ದಾರೆ, ಹಾಗೆ ನಡೆಯುವ ಐದು ವರ್ಷದ ಮಕ್ಕಳಿಲ್ಲ. ಇದು ಲಸಿಕೆಯ ಕೆಲಸ.

ಈಗ ರಷ್ಯದ ದಾಯಾದಿ ವೈರಸ್ಸಿನ ವಿಷಯಕ್ಕೆ ಬರೋಣ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. ೧೯೩೭ರಲ್ಲಿ ಸೋವಿಯತ್ ದೇಶದ ಮೂಡಣ ತುದಿಯ ಕಾಡುಗಳಲ್ಲಿ ಮರ ಕಡಿಯುವ ಕೂಲಿಗಳು, ಅಲ್ಲಿ ಬೀಡುಬಿಟ್ಟ ಸೈನಿಕರು ಮಿದುಳು ಜ್ವರದಿಂದ ಸಾಯುತ್ತಿದ್ದರು. ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ಮುಂದಾಳ್ತನದಲ್ಲಿ ಒಂದು ತಂಡ ಹೋಯಿತು. ಒಂದೇ ಬೇಸಿಗೆಯಲ್ಲಿ ವೈರಸ್ಸನ್ನೂ ಅದನ್ನು ಹರಡುವ ಉಣುಗನ್ನೂ ಪತ್ತೆಮಾಡಿತು. ತಂಡದಲ್ಲಿದ್ದ ಮಿಖಾಯಿಲ್ ಚುಮಕೋವ್ ಎಂಬ ಯುವಕನಿಗೆ ಅದೇ ಸೋಂಕು ತಗಲಿ ಬಲಗೈ ಸ್ವಾಧೀನ ತಪ್ಪಿತು, ಕಿವಿಯೂ ಮಂದವಾಯಿತು. ಜಿಲ್ಬರ್‌ಗೆ ಸಿಕ್ಕ ಬಹುಮಾನವೆಂದರೆ ಹಿಂದಿರುಗಿದ ಮೇಲೆ ಸುಳ್ಳು ಆಪಾದನೆಯ ಮೇಲೆ ಸೆರೆಮನೆ. ಸ್ಟಾಲಿನ್ನನ ರಾಜ್ಯಭಾರದ ಈ ಕೊಳಕನ್ನು ಮುಚ್ಚಿಟ್ಟು ಬರೆಯುವ ಚಾಳಿ ನಮಗಿಲ್ಲ. ಆದರೂ ಒಂದೆರಡು ವರ್ಷಗಳಲ್ಲೇ ಆ ಕಾಡಿನ ಕೂಲಿಗಳಿಗೆ, ಸೈನಿಕರಿಗೆ ಲಸಿಕೆ ಸಿದ್ಧವಾಯಿತು. ಕೈ ಬಿದ್ದುಹೋದ ಚುಮಕೋವ್ ಸುಮ್ಮನೆ ಕೂರಲಿಲ್ಲ. ಅಮೆರಿಕದ ಆಲ್ಬರ್ಟ್ ಸೇಬಿನ್ ತನ್ನ ಪೋಲಿಯೋ ಹನಿಯ ಬೀಜವನ್ನು ಧರ್ಮಾರ್ಥ ಕೊಟ್ಟಾಗ, ೧೯೫೯ರಿಂದ ಸೋವಿಯತ್ ದೇಶದಲ್ಲಿ ಅದನ್ನು ಬೆಳೆಸಿ ಕೋಟಿಗಟ್ಟಲೆ ಜನರಿಗೆ ಹಾಕಿ ಅದು ನಂಬತಕ್ಕದ್ದೆಂದು ಜಗತ್ತಿಗೆ ತೋರಿಸಿದವನು ಈತನೇ. ಎರಡು ದೇಶಗಳು ಒಂದರ ಮೇಲೊಂದು ಅಣುಬಾಂಬು ಗುರಿಯಿಟ್ಟು ಕುಳಿತಿದ್ದ ಕಾಲವದು. ನಮ್ಮ ಮಕ್ಕಳ ಬಾಯಿಗೆ ಬಿದ್ದ ಎರಡು ಹನಿಯ ಹಿಂದೆ ಆ ಇಬ್ಬರ ಸ್ನೇಹವಿದೆ.

ಇದೇ ಕುಟುಂಬದ ಜ್ವರ ಆಸ್ಟ್ರಿಯ ದೇಶದಲ್ಲೂ ಇತ್ತು. ಅಲ್ಲಿ ವರ್ಷಕ್ಕೆ ನೂರಾರು ಜನ ಆಸ್ಪತ್ರೆ ಸೇರುತ್ತಿದ್ದರು. ವಿಯೆನ್ನಾದ ಕ್ರಿಸ್ಟಿಯಾನ್ ಕುಂಟ್ಸ್ ಎಂಬ ಪ್ರಾಧ್ಯಾಪಕರು ಶ್ರಮಿಸಿ, ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸು ಬೆಳೆಸಿ ಕೊಂದು ಮಾಡಿದ ಲಸಿಕೆ ೧೯೭೬ರ ಹೊತ್ತಿಗೆ ಬಳಕೆಗೆ ಬಂತು. ಮೊದಲು ಕೊಟ್ಟದ್ದು ಕಾಡಿನ ಕೆಲಸಗಾರರಿಗೆ, ರೈತರಿಗೆ. ೧೯೮೧ರಿಂದ ದೇಶಕ್ಕೆಲ್ಲ ಚಳವಳಿಯಂತೆ ಹಾಕಿದರು. ಅಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಅದನ್ನು ಹಾಕಿಸಿಕೊಂಡಿದ್ದಾರೆ. ರೋಗ ಹಿಂದಿನ ಪ್ರಮಾಣದ ಒಂದು ಪಾಲಿಗೆ ಇಳಿಯಿತು. ಅದನ್ನು ತಯಾರಿಸಿದ್ದು ಖಾಸಗಿ ಕಂಪನಿ. ಕಂಪನಿಗೆ ಕಾಡಿನ ಕೂಲಿಯ ಮೇಲೆ ಪ್ರೀತಿ ಉಕ್ಕಿತೆಂದಲ್ಲ. ಇಡೀ ಮಧ್ಯ ಯುರೋಪಿನಲ್ಲಿ ಕೊಳ್ಳುವವರಿದ್ದರು, ಕೊಳ್ಳಲಾರದವನ ಪರವಾಗಿ ಕೊಡುವವರೂ ಇದ್ದರು.

ನಮ್ಮ ಕಥೆ ಬೇರೆ. ಕ್ಯಾಸನೂರು ವೈರಸ್ಸು ಸಿಕ್ಕ ಮರುವರ್ಷವೇ, ದಾಯಾದಿಗೆ ಕೆಲಸ ಮಾಡಿದ್ದು ಇದಕ್ಕೂ ಮಾಡೀತೆಂದು ರಷ್ಯದ ರೋಗದ ಲಸಿಕೆಯನ್ನು ಶಿವಮೊಗ್ಗ ಜಿಲ್ಲೆಯ ಸಾವಿರಾರು ಜನರಿಗೆ ಚುಚ್ಚಿ ನೋಡಿದರು. ಫಲ ಬರಲಿಲ್ಲ. ನೆಂಟನಾದರೂ ಇವನ ಬೀಗಕ್ಕೆ ಅವನ ಕೀಲಿ ಆಗಲಿಲ್ಲ. ಆಮೇಲೆ ಪುಣೆಯವರು ೧೯೬೦ರ ದಶಕದಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಲಸಿಕೆ ಮಾಡಿದರು. ಗಮನಿಸಿ, ಆಸ್ಟ್ರಿಯದವರ ಲಸಿಕೆ ಬರುವುದಕ್ಕೆ ಹತ್ತು ವರ್ಷ ಮೊದಲೇ, ಅದೇ ಮಾದರಿಯಲ್ಲಿ. ಬುದ್ಧಿಯಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ. ಆದರೆ ಅದು ದೊಡ್ಡ ಪ್ರಮಾಣದಲ್ಲಿ ಹಳ್ಳಿಗೆ ಬಂದು ಅದರ ಗುಣ ಅಳೆದದ್ದು ೧೯೯೦-೯೨ರಲ್ಲಿ! ನಡುವೆ ಇಪ್ಪತ್ತೈದು ವರ್ಷ. ಆ ನಡುವೆಯೇ, ೧೯೮೨-೮೩ರಲ್ಲಿ, ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯಲ್ಲಿ ಕಾಡು ಕಡಿದ ಬೆನ್ನಿಗೆ ರೋಗ ಎದ್ದು ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಆ ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಯಾವ ಮಂತ್ರಿಯೂ ಶಾಸನಸಭೆಯಲ್ಲಿ ಒಪ್ಪಿಸಲಿಲ್ಲ.

೧೯೯೦ರ ಆ ಪರೀಕ್ಷೆಯಲ್ಲಿ ಒಂದು ಚುಚ್ಚು ಹಾಕಿಸಿಕೊಂಡವರಲ್ಲಿ ನೂರಕ್ಕೆ ೭೯ರಷ್ಟು, ಎರಡು ಹಾಕಿಸಿಕೊಂಡವರಲ್ಲಿ ೯೩ರಷ್ಟು ರಕ್ಷಣೆ ಕಂಡಿತು. ಒಳ್ಳೆಯ ಫಲವೇ. ಮುಂದೆ ಲಸಿಕೆ ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಪಶು ಲಸಿಕೆ ಸಂಸ್ಥೆಯಲ್ಲಿ ತಯಾರಾಗಿ ಬರುತ್ತಿತ್ತು. ಇದರಲ್ಲಿ ಲೇವಡಿಯ ವಿಷಯವೇನೂ ಇಲ್ಲ, ದನದ ಲಸಿಕೆಯಲ್ಲಿ ಪಳಗಿದ ಕೈ ಮನುಷ್ಯನ ಲಸಿಕೆಯನ್ನೂ ಮಾಡಬಲ್ಲದು. ಆದರೆ ೨೦೦೫ರಿಂದ ೨೦೧೦ರವರೆಗಿನ ದಾಖಲೆಗಳನ್ನು ಸಂಶೋಧಕರು ಕೂಡಿ ಕಳೆದು ನೋಡಿದಾಗ ಒಂದು ಚುಚ್ಚಿನಿಂದ ರಕ್ಷಣೆಯೇ ಕಾಣಲಿಲ್ಲ. ಎರಡು ಚುಚ್ಚಿಗೆ ನೂರಕ್ಕೆ ೬೨, ಅದರ ಮೇಲೆ ವರ್ಧಕವನ್ನೂ ಹಾಕಿಸಿಕೊಂಡವರಿಗೆ ೮೩ರ ಸಮೀಪ. ಲಸಿಕೆಯ ಕಸುವು ಇಳಿದಿತ್ತು. ಕಸುವು ಅಳೆಯುವ ವಿಧಾನ ಕಷ್ಟದ್ದಲ್ಲ. ಇಲಿಮರಿಗಳಿಗೆ ಲಸಿಕೆ ಹಾಕಿ, ಆಮೇಲೆ ನಿಜವಾದ ವೈರಸ್ಸು ಚುಚ್ಚಿ, ಎಷ್ಟು ಬದುಕಿದವೆಂದು ಎಣಿಸುವುದು. ಆ ಎಣಿಕೆಯಲ್ಲಿ ಲಸಿಕೆ ಸೋತಿತು. ೨೦೧೮-೧೯ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಜನ ಸತ್ತಾಗ ಪ್ರಶ್ನೆಗಳು ಇನ್ನೂ ಜೋರಾಗಿ ಎದ್ದವು. ಕಡೆಗೆ ೨೦೨೨ರಲ್ಲಿ ಲಸಿಕೆ ಹಾಕುವುದನ್ನೇ ನಿಲ್ಲಿಸಿದರು. ೨೦೨೪ರ ಆರಂಭದಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ರೋಗ ಮತ್ತೆ ಎದ್ದು ಸಾವುಗಳಾದಾಗ ಕಾಡಂಚಿನ ಜನರ ತೋಳಿಗೆ ಚುಚ್ಚಲು ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಯಾವ ಲಸಿಕೆಯೂ ಇರಲಿಲ್ಲ.

ಇಲ್ಲಿ ನಮ್ಮವರಲ್ಲೇ ಕೆಲವರಿಗೆ ಹಿಡಿಸದ ಮಾತೊಂದನ್ನು ಹೇಳಬೇಕಾಗಿದೆ. ಸರ್ಕಾರದ ಕಾರ್ಖಾನೆ ಎಂದ ಮಾತ್ರಕ್ಕೆ ಅಲ್ಲಿ ತಯಾರಾದದ್ದು ಜನರದ್ದಾಗುವುದಿಲ್ಲ. ಕಸುವಿಲ್ಲದ ಲಸಿಕೆಯನ್ನು ಪುಕ್ಕಟೆ ಕೊಟ್ಟರೂ ಅದು ಮೋಸವೇ. ಸಾಹುಕಾರ ಕಲಬೆರಕೆ ಎಣ್ಣೆ ಮಾರಿದರೆ ನಾವು ಮೆರವಣಿಗೆ ಹೊರಡುತ್ತೇವೆ. ಸರ್ಕಾರದ ಸೀಸೆಯಲ್ಲಿ ಸತ್ವವಿಲ್ಲದಿದ್ದರೆ ಎರಡು ಮೆರವಣಿಗೆ ಹೊರಡಬೇಕು, ಏಕೆಂದರೆ ಅದಕ್ಕೆ ನಾವು ಮೊದಲೇ ತೆರಿಗೆ ತೆತ್ತಿದ್ದೇವೆ. ತೋಳು ಊದಿ, ಎರಡು ದಿನದ ಕೂಲಿ ಕಳೆದುಕೊಂಡು, ವರ್ಷ ವರ್ಷವೂ ನಂಬಿಕೆಯಿಂದ ಚುಚ್ಚಿಸಿಕೊಂಡ ಹೆಣ್ಣುಮಗಳಿಗೆ 'ಅದರಲ್ಲಿ ಸತ್ವ ಸಾಲದಿತ್ತು' ಎಂದು ಯಾರೂ ಮನೆಗೆ ಬಂದು ಹೇಳಲಿಲ್ಲ.

ಹಾಗೆಂದು ಇದನ್ನು ಖಾಸಗಿಯವರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಿ ಎನ್ನುವವರ ಮಾತಿಗೂ ನಾವು ತಲೆದೂಗಲಾರೆವು. ನಮ್ಮ ಪೇಟೆಯ ವ್ಯಾಪಾರಿಗಳಿಗೇ ಇದು ಚೆನ್ನಾಗಿ ತಿಳಿಯುತ್ತದೆ. ದೇಶದಲ್ಲಿ ಈ ರೋಗ ವರ್ಷಕ್ಕೆ ಸುಮಾರು ನಾಲ್ಕೈದು ನೂರು ಜನಕ್ಕೆ ಬರುವುದೆಂದು ಅಂದಾಜು. ಲಸಿಕೆ ಬೇಕಾದವರು ಕಾಡಂಚಿನ ಕೂಲಿಗಳು, ಸಣ್ಣ ಹಿಡುವಳಿಯವರು, ಗಿರಿಜನರು. ಇಷ್ಟು ಸಣ್ಣ ಗಿರಾಕಿ, ಅವನ ಜೇಬೂ ಖಾಲಿ. ಯಾವ ಬುದ್ಧಿವಂತ ವರ್ತಕ ಆ ಸರಕಿಗೆ ಬಂಡವಾಳ ಹಾಕುತ್ತಾನೆ? ಅರುವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದು ಕಂಪನಿಯೂ ತಾನಾಗಿ ಮುಂದೆ ಬರಲಿಲ್ಲ ಎಂಬುದೇ ಸಾಕ್ಷಿ. ಇನ್ನೊಂದು ಕಡೆ ಕೋವಿಡ್ ನೋಡಿ. ೨೦೨೦ರ ಆರಂಭದಲ್ಲಿ ವೈರಸ್ಸಿನ ಗುರುತು ಸಿಕ್ಕಿತು, ಅದೇ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಹಾಕತೊಡಗಿದರು. ನಮ್ಮಲ್ಲಿ ಕ್ಯಾಸನೂರಿನ ವೈರಸ್ಸು ಹುಡುಕಿದ ಅದೇ ಪುಣೆಯ ಸಂಸ್ಥೆ ಬೆಳೆಸಿಕೊಟ್ಟ ವೈರಸ್ಸಿನಿಂದ ಹೈದರಾಬಾದಿನ ಕಂಪನಿ ಮಾಡಿದ ಕೋವ್ಯಾಕ್ಸಿನ್ನಿಗೆ ೨೦೨೧ರ ಜನವರಿಯಲ್ಲಿ ಅನುಮತಿ ದೊರೆಯಿತು. ವರ್ಷವೊಂದು ಸಾಕಾಯಿತು! ಆ ರೋಗ ಮಂತ್ರಿಗೂ ಬರುತ್ತಿತ್ತು, ಮಾಲೀಕನಿಗೂ ಬರುತ್ತಿತ್ತು, ವಿಮಾನದಲ್ಲಿ ಓಡಾಡುವವನಿಗೂ ಬರುತ್ತಿತ್ತು. ಮಂಗನ ಕಾಯಿಲೆ ದರಗು ಗುಡಿಸುವವಳಿಗೆ ಮಾತ್ರ ಬರುತ್ತದೆ.

೨೦೦೮ರಲ್ಲಿ ಕೇಂದ್ರ ಸರ್ಕಾರ ಕಸೌಲಿ, ಕುನೂರು, ಗಿಂಡಿಯ ತನ್ನದೇ ಮೂರು ಲಸಿಕೆ ಸಂಸ್ಥೆಗಳ ಪರವಾನಗಿಯನ್ನು ತಡೆಹಿಡಿದು, ಎರಡು ವರ್ಷದ ಮೇಲೆ ಮತ್ತೆ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ತಯಾರಿಕೆಯ ಕ್ರಮ ಸರಿಯಿಲ್ಲವೆಂಬುದು ಕಾರಣ. ಮನೆಯ ಮಾಡು ಸೋರಿದರೆ ಹೆಂಚು ಬದಲಿಸಬೇಕು; ಇವರು ಸಂಸಾರವನ್ನೇ ಬಾಡಿಗೆ ಮನೆಗೆ ಸಾಗಿಸಿದರು. ಹೆಬ್ಬಾಳದ ವಿಷಯದಲ್ಲೂ ಸೋರುವ ಮಾಡಿನ ಕೆಳಗೆ ವರ್ಷಗಟ್ಟಲೆ ಪಾತ್ರೆ ಇಟ್ಟು ಕಾಲ ಕಳೆದರಲ್ಲದೆ ಹೊಸ ಯಂತ್ರ, ಹೊಸ ವೈರಸ್ ಬೀಜ, ಹೊಸ ವಿಧಾನಕ್ಕೆ ಹಣ ಕೊಡಲಿಲ್ಲ.

ಈ ರೋಗ ಸೊರಬದ ಕಾಡಿನಲ್ಲಿ ಸುಮ್ಮನೆ ಕುಳಿತೂ ಇಲ್ಲ. ೨೦೧೨ರಲ್ಲಿ ಬಂಡೀಪುರದಲ್ಲಿ ಕಂಡಿತು, ಮರುವರ್ಷಗಳಲ್ಲಿ ಕೇರಳದ ವಯನಾಡಿನಲ್ಲಿ, ಗೋವೆಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ. ಒಂದು ಜಿಲ್ಲೆಯ ರೋಗವೆಂದು ಕಡತದಲ್ಲಿ ಕಟ್ಟಿಟ್ಟದ್ದು ನಾಲ್ಕು ರಾಜ್ಯಗಳ ಗೇರು ತೋಟ, ಕಾಫಿ ತೋಟಗಳಿಗೆ ಕಾಲಿಟ್ಟಿದೆ.

ಈಗ ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಕೈಗೊಂಡಿದೆ. ಆ ಸಂಸ್ಥೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಗೆ ಸೇರಿದ್ದು, ಎಂದರೆ ಹಾಲು ಮಾರುವ ರೈತರಿಗಾಗಿ ಹುಟ್ಟಿದ ಮಂಡಳಿಯ ಕೂಸು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಲಸಿಕೆ ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯದೆಂಬುದನ್ನು ಹಳೆಯ ಲಸಿಕೆಯ ಇತಿಹಾಸವೇ ತೋರಿಸಿದೆ. ಪ್ರತಿ ವರ್ಷ ಇಷ್ಟು ಸೀಸೆ ಕೊಳ್ಳುತ್ತೇವೆಂದು ಸರ್ಕಾರ ಮುಂಗಡವಾಗಿ ಬರೆದುಕೊಡದಿದ್ದರೆ ಯಾವ ಸಂಸ್ಥೆಯೂ ಎರಡನೆಯ ವರ್ಷ ಅದನ್ನು ಮಾಡುವುದಿಲ್ಲ. ಋತು ಆರಂಭವಾಗುವ ನವೆಂಬರಿಗೆ ಮುಂಚೆಯೇ, ಎಂದರೆ ಮಳೆಗಾಲದಲ್ಲಿಯೇ, ಹಾಕಿ ಮುಗಿಸಬೇಕು. ಮಂಗ ಸತ್ತ ಮೇಲೆ ಜೀಪಿನಲ್ಲಿ ಲಸಿಕೆ ತರುವುದು ಮನೆ ಹೊತ್ತಿದ ಮೇಲೆ ಬಾವಿ ತೋಡಿದಂತೆ. ಚುಚ್ಚಿಸಿಕೊಂಡ ದಿನ ಮತ್ತು ಮರುದಿನದ ಕೂಲಿಯನ್ನು ತೋಟದ ಒಡೆಯರೂ ಪಂಚಾಯಿತಿಯೂ ಸೇರಿ ಕೊಡಬೇಕು. ಹಳ್ಳಿಯವರು ಎರಡನೆಯ ಚುಚ್ಚಿಗೆ ಬರುವುದಿಲ್ಲ, ಅಜ್ಞಾನ ಎಂದು ಅಧಿಕಾರಿಗಳು ದೂರುತ್ತಾರೆ. ಸಂಬಳದ ರಜೆ ಇರುವವರಿಗೆ ಇನ್ನೊಬ್ಬರ ಅಜ್ಞಾನ ಬಹಳ ಬೇಗ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಇಲಿಮರಿಗಳ ಆ ಎಣಿಕೆ. ಯಾವ ತಂಡದ ಲಸಿಕೆ ಹಾಕುತ್ತಿದ್ದಾರೋ ಅದರ ಕಸುವಿನ ಪರೀಕ್ಷೆ ಯಾವ ದಿನ ಆಯಿತು, ಗೆದ್ದಿತೋ ಸೋತಿತೋ ಎಂಬುದನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು. ಪೇಟೆಯ ಅಂಗಡಿಯವನು ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಒತ್ತಿಸಿಕೊಂಡು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಕಾಯಿದೆ ಇದೆ. ಆರೋಗ್ಯ ಇಲಾಖೆಯ ತಕ್ಕಡಿಗೂ ಅದೇ ನಿಯಮ ಬರಲಿ. ಗ್ರಾಮಸಭೆಗಳಲ್ಲಿ ಈ ಠರಾವನ್ನು ಮಂಡಿಸುವಂತೆ ನಮ್ಮ ಸಂಗಾತಿಗಳನ್ನು ಕೋರುತ್ತೇವೆ. ಮರದ ಮಿಲ್ಲುಗಳ ಕಾರ್ಮಿಕರು, ಅಡಿಕೆ ಮಂಡಿಯ ಹಮಾಲರು ತಮ್ಮ ತಮ್ಮ ಸಂಘದ ಕಾಗದದ ಮೇಲೆ ಅದನ್ನೇ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮಳೆ ಹಿಡಿಯುವುದರೊಳಗೆ ತಲುಪಿಸಲಿ.